ಪಾರ್ಕಿಂಗ್ ಮಾತು ಆಮೇಲೆ, ಮೊದಲು ಫುಟ್‌ಪಾತ್ ಕೊಡಿ: ಮೈಸೂರು ಪೇಟೆಯ ಬಗ್ಗೆ ಒಂದು ಬಹಿರಂಗ ಪತ್ರ

ಮಹಾನಗರ ಪಾಲಿಕೆಯ ಆಯುಕ್ತರಿಗೆ, ಜಿಲ್ಲಾಧಿಕಾರಿಗಳಿಗೆ, ಸಂಚಾರ ಪೊಲೀಸರಿಗೆ, ಸಯ್ಯಾಜಿರಾವ್ ರಸ್ತೆಯ ವರ್ತಕರಿಗೆ, ಹಾಗೇ ಒಂದು ಮಾರು ಹೂವು ತರುವುದಕ್ಕೂ ಕಾರು ತೆಗೆಯುವ ನಮ್ಮೂರಿನ ಎಲ್ಲರಿಗೆ,

ನಮಸ್ಕಾರ.

ಪೇಟೆಯ ಬಗ್ಗೆ ಸಭೆ ನಡೆದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಪಾರ್ಕಿಂಗ್. ಕಾರು ಎಲ್ಲಿ ನಿಲ್ಲಿಸುವುದು, ಬೈಕು ಎಲ್ಲಿ ನಿಲ್ಲಿಸುವುದು, ಗಂಟೆಗೆ ಎಷ್ಟು ವಸೂಲಿ ಮಾಡುವುದು, ನೆಲಮಾಳಿಗೆ ತೋಡೋಣವಾ, ಮಹಡಿ ಮೇಲೆ ಮಹಡಿ ಕಟ್ಟೋಣವಾ. ವರ್ತಕರು ಕೇಳುವುದೂ ಅದೇ, ಪತ್ರಿಕೆಯಲ್ಲಿ ಬರುವುದೂ ಅದೇ. ಟೌನ್ ಹಾಲ್ ಆವರಣದ ಪಾರ್ಕಿಂಗ್ ಕಾಮಗಾರಿ ಹತ್ತು ವರ್ಷಕ್ಕೂ ಜಾಸ್ತಿ ಎಳೆದಾಡಿದ್ದನ್ನು ಊರೆಲ್ಲ ನೋಡಿದೆ. ಇಷ್ಟು ವರ್ಷದಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, "ಸ್ವಾಮಿ, ನಡೆದುಕೊಂಡು ಬರುವವರು ಎಲ್ಲಿ ನಡೆಯಬೇಕು?" ಅಂತ ಕೇಳಿದ್ದು ನನಗಂತೂ ನೆನಪಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಪೇಟೆ ಕಾಲಿನ ಅಳತೆಗೆ ಹುಟ್ಟಿದ್ದು. ಅರಮನೆಯ ಬಲರಾಮ ದ್ವಾರಕ್ಕೆ ಬೆನ್ನು ಹಾಕಿ ನಿಂತರೆ ಎದುರಿಗೆ ಚಾಮರಾಜ ವೃತ್ತ, ಅಲ್ಲೇ ದೊಡ್ಡ ಗಡಿಯಾರ, ಅದರ ಹತ್ತಿರವೇ ದಿವಾನ್ ರಂಗಾಚಾರ್ಲು ನೆನಪಿಗೆ 1884ರಲ್ಲಿ ಕಟ್ಟಿದ ಪುರಭವನ. ಎಡಕ್ಕೆ ತಿರುಗಿ ಸ್ವಲ್ಪ ನಡೆದರೆ ಕೆ.ಆರ್. ಸರ್ಕಲ್. ಅಲ್ಲಿಂದ ಉತ್ತರಕ್ಕೆ ಸಯ್ಯಾಜಿರಾವ್ ರಸ್ತೆ. ರಸ್ತೆಯ ಎಡಬದಿಗೆ ಉದ್ದಕ್ಕೂ ದೇವರಾಜ ಮಾರುಕಟ್ಟೆ, ಅದರ ಬಾಯಲ್ಲಿ ಚಿಕ್ಕ ಗಡಿಯಾರ, ಅದರಾಚೆ ಲ್ಯಾನ್ಸ್‌ಡೌನ್ ಕಟ್ಟಡ, ಇನ್ನೂ ನಡೆದರೆ ಜಗನ್ಮೋಹನ ಅರಮನೆ. ಇನ್ನೊಂದು ಕಡೆ ಗಾಂಧಿ ಸ್ಕ್ವೇರ್, ಅಶೋಕ ರಸ್ತೆಯ ಚಿನ್ನಬೆಳ್ಳಿ ಅಂಗಡಿಗಳು, ಮಗ್ಗುಲಲ್ಲೇ ಸಂತೆಪೇಟೆ, ಶಿವರಾಂಪೇಟೆ. ಸಿಟಿ ಬಸ್ ಸ್ಟ್ಯಾಂಡ್ ಇದೆಲ್ಲದರ ಮಗ್ಗುಲಲ್ಲೇ ಇದೆ. ಬಸ್ ಇಳಿದವರು ಯಾವ ಅಂಗಡಿಗೆ ಹೋಗಬೇಕಾದರೂ ಹತ್ತು ಹದಿನೈದು ನಿಮಿಷದ ನಡಿಗೆ. ಇಂಥ ಪೇಟೆ ಎಷ್ಟು ಊರಿಗಿದೆ ಹೇಳಿ.

ಇದು ಒಂದೇ ದಿನ ಕಟ್ಟಿದ್ದಲ್ಲ. ಮಾರುಕಟ್ಟೆಗೆ ದೊಡ್ಡ ದೇವರಾಜ ಒಡೆಯರ ಹೆಸರು. ಮೊದಲು ಇಲ್ಲಿ ವಾರದ ಸಂತೆ ಸೇರುತ್ತಿತ್ತಂತೆ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1886ರ ಹೊತ್ತಿಗೆ, ಕಟ್ಟಡದ ರೂಪ ಬಂತು. ಅದೇ ಕಾಲದ್ದು ಚಿಕ್ಕ ಗಡಿಯಾರ, ವೈಸರಾಯ್ ಡಫರಿನ್ ಬಂದು ಹೋದ ನೆನಪಿಗೆ ಕಟ್ಟಿದ್ದು. ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು, ಅದೂ ಇನ್ನೊಬ್ಬ ವೈಸರಾಯ್ ಹೆಸರಿನಲ್ಲಿ. ವೈಸರಾಯ್‌ಗಳು ಬಂದರು, ಹೋದರು, ಅವರ ಹೆಸರು ಈಗ ಯಾರಿಗೂ ಬೇಕಿಲ್ಲ, ಚಿಕ್ಕ ಗಡಿಯಾರ ಅಂದರೆ ಮಾತ್ರ ಆಟೋದವರಿಗೆ ತಕ್ಷಣ ಗೊತ್ತಾಗುತ್ತದೆ. ದೊಡ್ಡ ಗಡಿಯಾರ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, 1927ರಲ್ಲಿ ಆಗಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ, ಒಮ್ಮೆ ತಲೆ ಎತ್ತಿ ನೋಡಿ. ನೋಡಬೇಕಾದರೆ ನಿಲ್ಲಬೇಕು. ನಿಂತರೆ ಹಿಂದಿನಿಂದ ಹಾರ್ನ್. ಕಷ್ಟ ಶುರುವಾಗುವುದೇ ಇಲ್ಲಿ.

ಮಾರುಕಟ್ಟೆ ಒಳಗಿನ ಮಾತು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕಡತದಲ್ಲಿ ಅದು "ಮೂರೂವರೆ ಎಕರೆಗೂ ಹೆಚ್ಚಿನ ಜಾಗ, ಇಷ್ಟು ಮಳಿಗೆ" ಅಂತ ಮಾತ್ರ ಇರುತ್ತದೆ. ಒಳಗೆ ಹೋದರೆ ಮೊದಲು ಬಾಳೆಹಣ್ಣು. ಏಲಕ್ಕಿ ಬಾಳೆ, ಪಚ್ಚಬಾಳೆ, ಅದೃಷ್ಟ ಇದ್ದರೆ ನಂಜನಗೂಡು ರಸಬಾಳೆ, ಅದೂ ನಿಜವಾದ್ದೋ ಅಲ್ಲವೋ ಅಂತ ಮಾರುವವರ ಮುಖ ನೋಡಿಯೇ ತೀರ್ಮಾನ ಮಾಡಬೇಕು. ಆಮೇಲೆ ಹೂವಿನ ಸಾಲು. ಚೆಂಡುಹೂವು, ಸೇವಂತಿಗೆ, ಕಾಕಡ, ಕನಕಾಂಬರ, ಸುಗಂಧರಾಜ, ಮೈಸೂರು ಮಲ್ಲಿಗೆ. ಕುಂಕುಮ ಅರಿಸಿನವನ್ನು ಗೋಪುರದ ಹಾಗೆ ಸುರಿದಿಟ್ಟ ಅಂಗಡಿಗಳ ಮುಂದೆ ಹೊರಗಿನವರು ಫೋಟೋ ತೆಗೆಯುತ್ತಾರೆ, ನಾವು ಚೌಕಾಸಿ ಮಾಡುತ್ತೇವೆ. ವೀಳ್ಯದೆಲೆ, ಅಡಿಕೆ, ಗ್ರಂಧಿಗೆ ಅಂಗಡಿಯ ಊದುಬತ್ತಿ, ಕರ್ಪೂರ, ಲಾವಂಚದ ಬೇರು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಗುರುತಿನ ಮುದ್ರೆ ಇದೆ. ಮೂರೂ ಒಂದೇ ಸೂರಿನಡಿ, ಒಂದರಿಂದ ಒಂದಕ್ಕೆ ನಡೆದು ಹೋಗುವ ದೂರದಲ್ಲಿ ಸಿಗುತ್ತವೆ. ಇದನ್ನು ತೋರಿಸಲು ಬೇರೆ ಊರಿನವರು ಮ್ಯೂಸಿಯಂ ಕಟ್ಟುತ್ತಾರೆ.

ಅವರೆಕಾಯಿ ಕಾಲದಲ್ಲಿ ಬಂದರೆ ಇನ್ನೊಂದು ಲೋಕ. ಡಿಸೆಂಬರ್, ಜನವರಿಯಲ್ಲಿ ಸೊಗಡು ಬೀದಿ ತನಕ ಬರುತ್ತದೆ. ಗೌರಿ ಹಬ್ಬದ ಹಿಂದಿನ ದಿನ ಮೊರದ ಬಾಗಿನಕ್ಕೆ ಬೇಕಾದ್ದೆಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಆಷಾಢದ ಶುಕ್ರವಾರ ಬೆಟ್ಟಕ್ಕೆ ಹೋಗುವವರು ಹಿಂದಿನ ಸಂಜೆಯೇ ಹೂವಿಗೆ ಇಲ್ಲಿ ಬಂದಿರುತ್ತಾರೆ.

ತಿಂಡಿಯ ಮಾತು ಬಂದರೆ ನಾನು ನಿಲ್ಲಿಸುವುದಿಲ್ಲ, ಕ್ಷಮಿಸಿ. ಸಯ್ಯಾಜಿರಾವ್ ರಸ್ತೆಯಲ್ಲೇ ಗುರು ಸ್ವೀಟ್ಸ್ ಇದೆ, ಅರಮನೆಯ ಅಡುಗೆಮನೆಯಲ್ಲಿ ಮೈಸೂರು ಪಾಕ್ ಮಾಡಿದ ಕಾಕಾಸುರ ಮಾದಪ್ಪನವರ ವಂಶದವರದ್ದು. ಅಂಗಡಿ ಎಷ್ಟು ಚಿಕ್ಕದು ಅಂದರೆ ಗಿರಾಕಿಗಳು ನಿಲ್ಲುವುದು ಫುಟ್‌ಪಾತಿನ ಮೇಲೇ. ಅದೇ ರಸ್ತೆಯಲ್ಲಿ ಬಾಂಬೆ ಟಿಫಾನೀಸ್. ಗಾಂಧಿ ಸ್ಕ್ವೇರ್ ಕಡೆ ಹೋದರೆ ಆರ್‌ಆರ್‌ಆರ್‌ನಲ್ಲಿ ಬಾಳೆಲೆ ಊಟ. ಕಾಲಿಗೆ ಇನ್ನೂ ಶಕ್ತಿ ಇದ್ದರೆ ನಜರ್‌ಬಾದ್ ತನಕ ಹೋಗಿ ಮೈಲಾರಿ ದೋಸೆ, ಮೇಲೆ ಬೆಣ್ಣೆ, ಒಳಗೆ ಸಾಗು, ಬಾಯಿಗೆ ಇಟ್ಟರೆ ಅಗಿಯುವ ಕೆಲಸವೇ ಇಲ್ಲ. ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಬೇರೆ ಮಾತು, ಅದಕ್ಕೆ ಬೆಳಿಗ್ಗೆಯೇ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕು. ಇವೆಲ್ಲ ದೊಡ್ಡ ಹೆಸರುಗಳಾದವು. ಹೆಸರಿಲ್ಲದ ಚುರುಮುರಿ ಗಾಡಿಗಳು, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಹುರಿದ ಕಡಲೆಕಾಯಿ, ಸೌತೆಕಾಯಿ ಹೋಳು ಇವೂ ಸೇರಿದರೇ ಪೇಟೆ.

ಈಗ ಯೋಚಿಸಿ. ಇದರಲ್ಲಿ ಯಾವುದನ್ನು ಕಾರಿನಲ್ಲಿ ಕೂತು ಕೊಳ್ಳಬಹುದು? ಪೇಟೆಯ ವ್ಯಾಪಾರ ಅರ್ಧಕ್ಕರ್ಧ ಯೋಚನೆ ಮಾಡದೆ ಮಾಡುವ ವ್ಯಾಪಾರ. ಸೀರೆಗೆ ಅಂತ ಬಂದವರು ಬಳೆ ಕಂಡು ನಿಲ್ಲುತ್ತಾರೆ, ಬಳೆ ಹಾಕಿಸಿಕೊಂಡು ಎದ್ದರೆ ಪಕ್ಕದಲ್ಲಿ ಹೂವು, ಹೂವು ತಗೊಂಡರೆ ಕಾಫಿ ವಾಸನೆ, ಕಾಫಿ ಕುಡಿಯುವಾಗ ಮಗುವಿಗೆ ಚಪ್ಪಲಿ ತರಬೇಕಿತ್ತು ಅಂತ ನೆನಪಾಗುತ್ತದೆ. ಮದುವೆ ಮನೆಯವರು ಬಂದರಂತೂ ಬೆಳಿಗ್ಗೆಯಿಂದ ಸಂಜೆ ತನಕ ಇಲ್ಲೇ. ನಡೆಯುವ ವೇಗದಲ್ಲಿ ಮಾತ್ರ ಇದು ಸಾಧ್ಯ. ಕಾರಿನವರಿಗೆ ಕಾಣುವುದು ಮುಂದಿನ ಕಾರಿನ ಹಿಂಭಾಗ.

ಮಾಲ್‌ಗಳನ್ನು ನೋಡಿ. ಒಳಗೆ ಕಾರು ಬಿಡುತ್ತಾರಾ? ಇಲ್ಲ ಅಲ್ವಾ. ಗಾಡಿಯನ್ನು ನೆಲಮಾಳಿಗೆಯಲ್ಲಿ ಬಿಟ್ಟು, ದುಡ್ಡು ಕೊಟ್ಟು ಚೀಟಿ ಇಸ್ಕೊಂಡು, ಮೂರು ಮಹಡಿ ಸುತ್ತಿ, ಕೊನೆಗೆ ಗಾಡಿ ಯಾವ ಕಂಬದ ಹತ್ತಿರ ಇತ್ತು ಅಂತ ಮರೆತು ಇನ್ನರ್ಧ ಗಂಟೆ ಹುಡುಕುತ್ತೇವೆ. ಅಲ್ಲಿ ಯಾರೂ ಕಾಲುನೋವು ಅನ್ನುವುದಿಲ್ಲ. ಇಲ್ಲಿ ಸ್ವಲ್ಪ ದೂರ ನಿಲ್ಲಿಸಿ ಬನ್ನಿ ಅಂದರೆ ಜಗಳ. ಮಾಲ್ ಕಟ್ಟಿದವರಿಗೆ ಒಂದು ವಿಷಯ ಗೊತ್ತಿದೆ, ಜನ ನಡೆದರೆ ಕೊಳ್ಳುತ್ತಾರೆ. ನಮ್ಮ ಹಿರಿಯರಿಗೂ ಗೊತ್ತಿತ್ತು. ಮಧ್ಯದಲ್ಲಿ ಬಂದ ನಾವು ಮರೆತೆವು.

ಈಗ ನಮ್ಮ ಫುಟ್‌ಪಾತ್ ಹೇಗಿದೆ ಅಂತ ಹೇಳುತ್ತೇನೆ, ನಿಮಗೆ ಗೊತ್ತಿಲ್ಲ ಅಂತಲ್ಲ. ಒಂದು ಕಡೆ ಎತ್ತರ ಮೊಣಕಾಲಿನ ತನಕ, ಇನ್ನೊಂದು ಕಡೆ ರಸ್ತೆ ಮಟ್ಟಕ್ಕೆ. ಮಧ್ಯದಲ್ಲಿ ಕಲ್ಲು ಎದ್ದಿರುತ್ತದೆ, ಅದರ ಪಕ್ಕ ವಿದ್ಯುತ್ ಪೆಟ್ಟಿಗೆ, ಅದಕ್ಕೆ ಆನಿಸಿ ಒಂದು ಸ್ಕೂಟರ್. ಕಬ್ಬಿಣದ ಕಂಬಿ ಹಾಕಿದ ಕಡೆ ಒಳಗೆ ಸೇರಿಕೊಂಡರೆ ಮುಂದಿನ ಸಂದಿ ತನಕ ಹೊರಗೆ ಬರುವ ಹಾಗಿಲ್ಲ. ಮಂಡಿನೋವಿನ ನಮ್ಮತ್ತೆಯನ್ನು ಹಬ್ಬದ ಮುಂಚೆ ಕರೆದುಕೊಂಡು ಹೋದಾಗ ಅವರು ರಸ್ತೆಗೇ ಇಳಿದು ನಡೆದರು, ಅದೇ ಸಲೀಸು ಅಂತ. ರಸ್ತೆಯಲ್ಲಿ ನಡೆದದ್ದಕ್ಕೆ ಬೈಕಿನವನೊಬ್ಬ ಬೈದ. ಆ ಬೈಕು ಆಮೇಲೆ ನಿಂತಿದ್ದು ಎಲ್ಲಿ ಅಂತೀರಿ, ಫುಟ್‌ಪಾತಿನ ಮೇಲೆ! ಗಾಲಿಕುರ್ಚಿಯವರ ಬಗ್ಗೆ ಹೇಳುವುದೇ ಬೇಡ, ಈ ಪೇಟೆಯಲ್ಲಿ ಗಾಲಿಕುರ್ಚಿ ನೋಡಿದ ನೆನಪೇ ನನಗಿಲ್ಲ. ಅವರಿಗೆ ಮೈಸೂರು ಪಾಕ್ ಇಷ್ಟವಿಲ್ಲ ಅಂತಲ್ಲವಲ್ಲ.

ಇನ್ನು ಶೌಚಾಲಯ. ಗಂಡಸರು ಸಭೆಯಲ್ಲಿ ಇದನ್ನು ಎತ್ತುವುದು ಕಡಿಮೆ, ಹಾಗಾಗಿ ನಾನೇ ಎತ್ತುತ್ತೇನೆ. ಮಾರುಕಟ್ಟೆಯಲ್ಲಿ ಹೂವು ಕಟ್ಟಿ ಮಾರುವ ಹೆಂಗಸರು ಬೆಳಗಿನ ಜಾವ ಬಂದು ಕತ್ತಲಾದ ಮೇಲೆ ಹೋಗುತ್ತಾರೆ. ಹಳ್ಳಿಯಿಂದ ಮದುವೆ ಸಾಮಾನಿಗೆ ಬಂದವರು ಇಡೀ ದಿನ ಇಲ್ಲೇ ಇರುತ್ತಾರೆ. ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡು ಬರುವ ಹೆಂಗಸರು ನನಗೆ ಗೊತ್ತು. ಒಂದು ಹೋಟೆಲಿನಲ್ಲಿ ಕೇಳಿದಾಗ "ಊಟ ಮಾಡಿದವರಿಗೆ ಮಾತ್ರ" ಅಂದರು, ಅವರನ್ನೂ ಪೂರ್ತಿ ತಪ್ಪು ಅನ್ನಲಾರೆ, ಪೇಟೆಗೆಲ್ಲ ಅವರೊಬ್ಬರೇ ಶೌಚಾಲಯ ಕೊಡಲು ಆಗುತ್ತದಾ? ಕೊಡಬೇಕಾದವರು ನೀವು. ಕಟ್ಟಿದರೆ ಸಾಲದು, ತೊಳೆಯುವವರನ್ನು ಇಡಬೇಕು, ಅವರಿಗೆ ಸರಿಯಾಗಿ ಸಂಬಳ ಕೊಡಬೇಕು.

ಕಟ್ಟಡಗಳ ವಿಷಯಕ್ಕೆ ಬರುತ್ತೇನೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲು ಬಿತ್ತು. ಅಂದಿನಿಂದ ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಅನ್ನುವ ವಾದ ನಡೆಯಿತು. ಸಮಿತಿಗಳು ಬಂದವು, ವರದಿಗಳು ಬಂದವು, ಹೈಕೋರ್ಟ್ ತನಕ ಹೋಯಿತು. ಒಬ್ಬ ತಜ್ಞರು ಕೆಡವಿ ಅಂದರೆ ಇನ್ನೊಬ್ಬರು ಉಳಿಸಬಹುದು ಅಂದರು. ಹಳೇ ಪಾರಂಪರಿಕ ಕಟ್ಟಡಗಳನ್ನು ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯವರು ದುರಸ್ತಿ ಸಾಧ್ಯ ಅನ್ನುವ ಕಡೆ ನಿಂತರು. ನಾನು ಇಂಜಿನಿಯರ್ ಅಲ್ಲ. ಆದರೂ ನನ್ನ ಮನಸ್ಸು ದುರಸ್ತಿಯ ಕಡೆಗೇ ಇದೆ. ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ ಉಸಿರಾಡುತ್ತದೆ, ಒಳಗಿನ ತೇವ ನಿಧಾನಕ್ಕೆ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಅದು ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ತಾರಸಿಯ ನೀರು ಹೋಗುವ ತೂಬು ಕಟ್ಟಿಕೊಂಡರೆ, ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಟ್ಟರೆ, ಅಂಗಡಿಯವರು ಅಟ್ಟಕ್ಕೆ ಅಂತ ಗೋಡೆಯಲ್ಲಿ ತೊಲೆ ತೂರಿಸಿದರೆ, ಎಂಥ ಗಟ್ಟಿ ಕಟ್ಟಡವೂ ಸೋಲುತ್ತದೆ. ಅರಳಿ ಸಸಿ ಕೀಳುವುದಕ್ಕೆ ಯಾವ ಸಮಿತಿಯ ವರದಿ ಬೇಕು ಹೇಳಿ? ಒಂದು ಏಣಿ ಸಾಕು.

ಕೆಡವುವವರೂ ಕಾಳಜಿಯಿಂದಲೇ ಮಾತಾಡುತ್ತಾರೆ, ಜೀವ ಹೋಗಿದೆ, ಸುಮ್ನೆ ಭಾವುಕರಾಗಿ ಕೂರುವ ಹಾಗಿಲ್ಲ ಅನ್ನುತ್ತಾರೆ. ಒಪ್ಪುತ್ತೇನೆ. ಯಾವ ದಾರಿ ಹಿಡಿದರೂ ನನ್ನದು ಎರಡು ಬೇಡಿಕೆ. ಒಂದೇ ಸಲ ಎಲ್ಲರನ್ನೂ ಎಬ್ಬಿಸಬೇಡಿ, ಒಂದೊಂದು ಸಾಲು ಮುಗಿಸುತ್ತ ಬನ್ನಿ, ವ್ಯಾಪಾರಿಗಳು ಪಕ್ಕದ ಸಾಲಿನಲ್ಲೇ ಇರಲಿ. ಊರಾಚೆ ಶೆಡ್ ಹಾಕಿ ಕಳಿಸಿದರೆ ಗಿರಾಕಿ ಹೋಗುವುದಿಲ್ಲ, ಹಳೇ ಗಿರಾಕಿ ಒಮ್ಮೆ ಸೂಪರ್ ಮಾರ್ಕೆಟ್ ಅಭ್ಯಾಸ ಮಾಡಿಕೊಂಡರೆ ವಾಪಸ್ ಬರುವುದು ಕಷ್ಟ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ತಗೊಂಡು ಓದಿದವರು ಈ ಊರಲ್ಲಿ ಎಷ್ಟು ಜನ ಇದ್ದಾರೆ! ಆ ಅಂಗಡಿಗಳು ಚೆದುರಿದವು, ಆ ಗುಂಪು ಮತ್ತೆ ಅಲ್ಲಿ ಸೇರಲಿಲ್ಲ. ಇನ್ನೊಂದು ಬೇಡಿಕೆ, ಮಾರುಕಟ್ಟೆಯ ಕೆಳಗೆ ಪಾರ್ಕಿಂಗ್ ತೋಡುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ನೂರಾರು ಕಾರುಗಳನ್ನು ಊರಿನ ಹೊಟ್ಟೆಯೊಳಗೆ ಕರೆದು ತಂದು, ಟ್ರಾಫಿಕ್ ಜಾಸ್ತಿಯಾಯಿತು ಅಂತ ಮತ್ತೆ ರಸ್ತೆ ಅಗಲ ಮಾಡಲು ಹೊರಡುತ್ತೀರಿ. ಅಗಲ ಮಾಡಲು ಸಿಗುವುದು ಫುಟ್‌ಪಾತೇ.

ವರ್ತಕರಿಗೆ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಗಾಡಿ ನಿಲ್ಲಿಸಲು ಬಿಡದಿದ್ದರೆ ವ್ಯಾಪಾರ ಬೀಳುತ್ತದೆ ಅನ್ನುವ ಭಯ ನಿಮಗಿದೆ. ಅಂಗಡಿ ಬಾಡಿಗೆ, ಕೆಲಸದವರ ಸಂಬಳ, ಆನ್‌ಲೈನ್‌ನವರ ಕಾಟ, ಎಲ್ಲ ನಿಮ್ಮ ತಲೆ ಮೇಲೆ. ಭಯ ಸುಳ್ಳಲ್ಲ. ಆದರೆ ಒಂದು ದಿನ ಒಂದು ಕೆಲಸ ಮಾಡಿ. ನಿಮ್ಮ ಅಂಗಡಿ ಮುಂದೆ ಬೆಳಿಗ್ಗೆಯಿಂದ ನಿಂತ ಗಾಡಿ ಯಾರದ್ದು ಅಂತ ನೋಡಿ. ಎಷ್ಟೋ ಕಡೆ ಅದು ಅಂಗಡಿಯವರದ್ದೇ, ಇಲ್ಲ ಪಕ್ಕದ ಅಂಗಡಿಯ ಕೆಲಸದವರದ್ದು. ಗಿರಾಕಿಗೆ ಅಂತ ಹೋರಾಡಿದ ಜಾಗದಲ್ಲಿ ಗಿರಾಕಿಯ ಗಾಡಿ ಇರುವುದೇ ಇಲ್ಲ! ಆಮೇಲೆ ಒಳಗೆ ಬಂದವರನ್ನು ಕೇಳಿ, ಹೇಗೆ ಬಂದಿರಿ ಅಂತ. ನಂಜನಗೂಡಿನಿಂದ, ಟಿ. ನರಸೀಪುರದಿಂದ, ಎಚ್.ಡಿ. ಕೋಟೆಯಿಂದ ಬಸ್ಸಿನಲ್ಲಿ ಬಂದವರು ಎಷ್ಟು, ಆಟೋದಲ್ಲಿ ಬಂದವರು ಎಷ್ಟು, ಕಾರಿನಲ್ಲಿ ಬಂದವರು ಎಷ್ಟು ಅಂತ ನಿಮ್ಮ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಗೀಟು ಹಾಕಿ. ನನ್ನ ಮಾತು ನಂಬುವುದು ಬೇಡ, ನಿಮ್ಮ ಗೀಟು ನಂಬಿ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಫುಟ್‌ಪಾತ್ ಸರಿಯಾಗುತ್ತದೆ ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೊತ್ತಂಬರಿ ಸೊಪ್ಪಿನ ಅಜ್ಜಿ ಹಿಡಿಯುವ ಜಾಗ ಒಂದು ಸ್ಕೂಟರಿಗಿಂತ ಕಡಿಮೆ, ಸಂಜೆ ಎದ್ದು ಹೋಗುತ್ತಾಳೆ ಬೇರೆ. ಅವಳಿದ್ದರೆ ಬೀದಿ ದೀಪ ಕೆಟ್ಟ ಜಾಗದಲ್ಲೂ ಹೆಣ್ಣುಮಕ್ಕಳಿಗೆ ಧೈರ್ಯ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ, ಜಾಗ ಗುರುತಿಸಿ, ಚೀಟಿ ಕೊಟ್ಟು, ಅವರನ್ನೂ ಸಮಿತಿಯಲ್ಲಿ ಕೂರಿಸಿಕೊಂಡು ತೀರ್ಮಾನ ಮಾಡಿ ಅಂತ ಅದರಲ್ಲೇ ಇದೆ. ಲಾಠಿ ಹಿಡಿದು ಎಬ್ಬಿಸುವುದು, ನಾಲ್ಕು ದಿನದ ಮೇಲೆ ಅವರು ಮತ್ತೆ ಕೂರುವುದು, ಈ ಆಟ ಎಷ್ಟು ದಿನ?

ವಾಹನ ಓಡಾಟ ನಿಲ್ಲಿಸಿದರೆ ಊರು ಮುಳುಗುತ್ತದೆ ಅನ್ನುವವರಿಗೆ ದಸರಾ ನೆನಪಿಸುತ್ತೇನೆ. ವಿಜಯದಶಮಿಯ ದಿನ ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ ಅಂಬಾರಿ ಹೊತ್ತ ಆನೆ ಬನ್ನಿಮಂಟಪದ ತನಕ ಹೋಗುತ್ತದೆ. ಆ ದಿನ ಒಂದು ಸ್ಕೂಟರ್ ಬಿಡುವುದಿಲ್ಲ. ದೀಪಾಲಂಕಾರದ ಸಂಜೆಗಳಲ್ಲಿ ಲಕ್ಷಗಟ್ಟಲೆ ಜನ ಎಲ್ಲೋ ದೂರದಲ್ಲಿ ಗಾಡಿ ಬಿಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿಲೋಮೀಟರ್‌ಗಟ್ಟಲೆ ನಡೆಯುತ್ತಾರೆ, ನಗುತ್ತಾ ನಡೆಯುತ್ತಾರೆ, ದಾರಿಯಲ್ಲಿ ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ದೇವರಾಜ ಅರಸು ರಸ್ತೆಯಲ್ಲಿ ದಸರಾ ಸಮಯಕ್ಕೆ ಓಪನ್ ಸ್ಟ್ರೀಟ್ ಫೆಸ್ಟಿವಲ್ ಅಂತ ಗಾಡಿ ಓಡಾಟ ನಿಲ್ಲಿಸಿದಾಗ ಕಾಲಿಡಲು ಜಾಗ ಇರಲಿಲ್ಲ. ಆಗ ಆಗುವುದು ನವೆಂಬರ್‌ನಲ್ಲಿ ಯಾಕೆ ಆಗುವುದಿಲ್ಲ?

ಬೇರೆ ಊರಿನವರೂ ಮಾಡಿ ನೋಡಿದ್ದಾರೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ಓಡಾಟ ನಿಲ್ಲಿಸಿದ್ದರು. ದೆಹಲಿಯ ಚಾಂದನಿ ಚೌಕದಂಥ ಚಾಂದನಿ ಚೌಕದಲ್ಲೇ 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಮೋಟಾರು ವಾಹನ ಬಿಡಬಾರದು ಅನ್ನುವ ನಿಯಮ ಬಂತು. ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ, ನಿಯಮ ಮುರಿಯುವವರು ಅಲ್ಲೂ ಇದ್ದಾರೆ. ನಮ್ಮ ಗಾಂಧಿ ಬಜಾರ್ ಕತೆಯನ್ನೂ ನೋಡಿ ಕಲಿಯಬೇಕು, ಬಸವನಗುಡಿಯದ್ದು. ನಡೆಯುವವರಿಗೆ ಒಳ್ಳೆಯದು ಮಾಡುತ್ತೇವೆ ಅಂತ ಶುರು ಮಾಡಿ, ಅಗೆದದ್ದು ಮುಗಿಯದೆ, ಅಂಗಡಿಯವರು ಧೂಳಿನಲ್ಲಿ ಕೂತು ಶಾಪ ಹಾಕುವ ಹಾಗಾಯಿತು. ಉದ್ದೇಶ ಒಳ್ಳೆಯದಿದ್ದರೂ ಕಾಮಗಾರಿ ಎಳೆದರೆ ಜನ ಉದ್ದೇಶವನ್ನೇ ಬೈಯುತ್ತಾರೆ.

ಅದಕ್ಕೇ ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ, ಟೆಂಡರ್ ಕೂಡ ಬೇಕಿಲ್ಲ ಅನ್ನಬಹುದು. ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು, ನೋಡಲು ಜನ ಹೇಗೂ ಬಂದಿರುತ್ತಾರೆ. ಅದೇ ಸಂಜೆ 4ರಿಂದ 9ರ ತನಕ ಕೆ.ಆರ್. ಸರ್ಕಲ್‌ನಿಂದ ಆಯುರ್ವೇದ ಕಾಲೇಜಿನ ವೃತ್ತದವರೆಗೆ ಕಾರು, ಬೈಕಿನ ಓಡಾಟ ನಿಲ್ಲಿಸಿ. ಆಂಬುಲೆನ್ಸ್‌ಗೆ ಒಂದು ಸಾಲು ಬಿಡಿ, ಕೆ.ಆರ್. ಆಸ್ಪತ್ರೆ ಪಕ್ಕದಲ್ಲೇ ಇದೆ, ಅದನ್ನು ಮರೆಯುವ ಹಾಗಿಲ್ಲ. ವಯಸ್ಸಾದವರಿಗೆ ಎರಡು ಮೂರು ಬ್ಯಾಟರಿ ಗಾಡಿ ಓಡಿಸಿ, ದುಡ್ಡು ತಗೊಂಡೇ ಓಡಿಸಿ. ನಮ್ಮ ಟಾಂಗಾದವರನ್ನೂ ಕರೆಯಿರಿ, ದಸರಾಕ್ಕೆ ಮಾತ್ರ ಅವರ ನೆನಪಾಗುವುದು ಸರಿಯಲ್ಲ. ಮೂರು ತಿಂಗಳು ಮಾಡಿ ನೋಡಿ, ವ್ಯಾಪಾರ ಬಿದ್ದರೆ ನಿಲ್ಲಿಸಿ, ನಾನೇ ಬಂದು ವರ್ತಕರ ಪಕ್ಕ ನಿಂತು ಕೂಗುತ್ತೇನೆ.

ವಾರದ ಉಳಿದ ದಿನಗಳಿಗೆ ಇನ್ನೂ ಸಣ್ಣ ಕೆಲಸಗಳಿವೆ. ಸಾಮಾನು ಇಳಿಸುವ ಲಾರಿ, ಟೆಂಪೋ ಬೆಳಿಗ್ಗೆ ಎಂಟರೊಳಗೆ ಬಂದು ಹೋಗಲಿ, ನಡುಹಗಲು ಅಲ್ಲ. ಚಿಕ್ಕ ಗಡಿಯಾರದ ಎದುರು ರಸ್ತೆ ದಾಟುವ ಜಾಗವನ್ನು ಫುಟ್‌ಪಾತಿನ ಎತ್ತರಕ್ಕೇ ಎತ್ತಿಬಿಡಿ, ಆಗ ಗಾಡಿಯೇ ನಿಧಾನ ಮಾಡಬೇಕು, ಅಜ್ಜಿ ಇಳಿದು ಹತ್ತಬೇಕಿಲ್ಲ. ಕೂರಲು ಕಲ್ಲುಬೆಂಚು ಹಾಕಿ. ಇಲ್ಲಿ ಕೂರಬೇಕಾದರೆ ಏನಾದರೂ ಕೊಂಡು ತಿನ್ನಲೇಬೇಕು, ಇಲ್ಲದಿದ್ದರೆ ಅಂಗಡಿ ಮೆಟ್ಟಿಲು, ಅಲ್ಲಿಂದಲೂ ಎಬ್ಬಿಸುತ್ತಾರೆ. ನೆರಳಿಗೆ ಮರ ನೆಡಿ, ನೆಟ್ಟ ಮರದ ಬುಡಕ್ಕೆ ಕಾಂಕ್ರೀಟ್ ಸುರಿಯಬೇಡಿ. ದಸರಾ ಬಂತು ಅಂತ ಸೆಪ್ಟೆಂಬರ್‌ನಲ್ಲಿ ಕಂಬಿಗೆ ಬಣ್ಣ ಹೊಡೆದು, ಗುಂಡಿಗೆ ಟಾರು ಸುರಿದು, ಹಬ್ಬ ಮುಗಿದ ಮೇಲೆ ಹನ್ನೊಂದು ತಿಂಗಳು ತಿರುಗಿ ನೋಡದಿರುವ ಅಭ್ಯಾಸ ಬಿಡಿ. 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಸಾರ್ವಜನಿಕರಿಗೆ ಬಾಡಿಗೆ ಸೈಕಲ್ ತಂದಾಗ ನಾನು ಖುಷಿಪಟ್ಟೆ. ಸೈಕಲ್ ಕೊಟ್ಟಿರಿ, ಅದನ್ನು ಓಡಿಸಲು ಜಾಗ ಕೊಡಲಿಲ್ಲ. ಬಸ್ಸುಗಳ ನಡುವೆ ಸೈಕಲ್ ತುಳಿಯುವಷ್ಟು ಧೈರ್ಯ ನನಗಿಲ್ಲ.

ಪಾರ್ಕಿಂಗ್ ಬೇಡವೇ ಬೇಡ ಅಂತಲ್ಲ. ಪೇಟೆಯ ಅಂಚಿನಲ್ಲಿ ಮಾಡಿ. ಅಲ್ಲಿಂದ ನಡೆದು ಬರುವ ದಾರಿ ಚೆನ್ನಾಗಿದ್ದರೆ ಜನ ನಡೆಯುತ್ತಾರೆ. ಈಗ ಅವರು ನಡೆಯುತ್ತಿಲ್ಲ ಅಂದರೆ ಅದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ರಸ್ತೆ ಬದಿಯ ಜಾಗಕ್ಕೆ ದುಡ್ಡು ತಗೊಳ್ಳಿ, ಎರಡನೇ ಗಂಟೆಗೆ ಜಾಸ್ತಿ ತಗೊಳ್ಳಿ, ಆ ದುಡ್ಡು ಎಲ್ಲಿ ಖರ್ಚಾಯಿತು ಅಂತ ಅಲ್ಲೇ ಬೋರ್ಡು ಹಾಕಿ. ಪಾರ್ಕಿಂಗ್ ದುಡ್ಡಿನಿಂದ ಶೌಚಾಲಯ ತೊಳೆಸಿದ್ದೇವೆ ಅಂತ ಬರೆದಿದ್ದರೆ ನಾನು ಗೊಣಗದೆ ಕೊಡುತ್ತೇನೆ.

ಕೊನೆಗೆ ನಮ್ಮವರಿಗೆ. ಕುವೆಂಪುನಗರದಿಂದ, ವಿಜಯನಗರದಿಂದ, ಸರಸ್ವತಿಪುರಂನಿಂದ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಬಂದು, ಸಿಕ್ಕ ಸಂದಿಯಲ್ಲಿ ತೂರಿಸಿ, "ಎರಡೇ ನಿಮಿಷ" ಅಂತ ಹಜಾರ್ಡ್ ಲೈಟ್ ಹಾಕಿ ಹೋಗುವವರು ನಾವೇ. ಆಮೇಲೆ ಮನೆಗೆ ಬಂದು "ಪೇಟೆಗೆ ಹೋಗೋಕಾಗಲ್ಲಪ್ಪ, ಎಷ್ಟು ರಶ್ಶು" ಅನ್ನುವವರೂ ನಾವೇ. ಬಸ್ ಇದೆ, ಆಟೋ ಇದೆ. ಊರು ಅಷ್ಟೇನೂ ದೊಡ್ಡದಲ್ಲ. ತರಕಾರಿಯ ಭಾರ ಜಾಸ್ತಿಯಾದರೆ ಬರುವಾಗ ಮಾತ್ರ ಆಟೋ ಹಿಡಿಯಿರಿ.

ಆಯುಕ್ತರೇ, ಜಿಲ್ಲಾಧಿಕಾರಿಗಳೇ, ಇದಕ್ಕೆ ಕಡತದಲ್ಲಿ ಉತ್ತರ ಬರೆಯುವುದು ಬೇಡ. ಪೇಟೆಯ ಬಗ್ಗೆ ಮುಂದಿನ ಸಭೆಯನ್ನು ಎ.ಸಿ. ಕೋಣೆ ಬಿಟ್ಟು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಟ್ಟುಕೊಳ್ಳಿ. ಶನಿವಾರ ಸಂಜೆ ಆರು ಗಂಟೆ, ಜೀಪು ಮನೆಯಲ್ಲಿ ಬಿಟ್ಟು ಬನ್ನಿ. ಎರಡು ಕೈಯಲ್ಲೂ ತುಂಬಿದ ಚೀಲ ಹಿಡಿದು, ಫುಟ್‌ಪಾತಿನಿಂದ ಇಳಿಯದೆ ಧನ್ವಂತರಿ ರಸ್ತೆಯ ತನಕ ನಡೆಯೋಣ. ವರ್ತಕರ ಸಂಘದವರೂ ಬರಲಿ, ಸಂಚಾರ ಪೊಲೀಸರೂ ಬರಲಿ, ಮಂಡಿನೋವಿನ ನಮ್ಮತ್ತೆಯನ್ನೂ ಕರೆತರುತ್ತೇನೆ. ಎಲ್ಲೆಲ್ಲಿ ರಸ್ತೆಗೆ ಇಳಿಯಬೇಕಾಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗೋಣ, ಆ ಹಾಳೆಯೇ ನಿಮ್ಮ ಕಾಮಗಾರಿ ಪಟ್ಟಿ. ಕಾಫಿ ಖರ್ಚು ನನ್ನದು, ಮೈಸೂರು ಪಾಕ್ ಮಾತ್ರ ನೀವು ಕೊಡಿಸಬೇಕು.

ಇಂತಿ,
ಸಿಟಿ ಬಸ್ಸಿನಲ್ಲಿ ಪೇಟೆಗೆ ಬರುವ ಒಬ್ಬ ಮೈಸೂರಿನವಳು